ನಾನು ಬೈಯುತ್ತಿದ್ದ ಮಾತ್ರೆ

ನಮ್ಮ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿತು ಎಂಬ ಸುದ್ದಿ ಮೊಬೈಲಿಗೆ ಬಂದಾಗ ನಾನು ಜಗಳೂರಿನ ಒಂದು ಕ್ಲಿನಿಕ್ಕಿನ ಮುಂದೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಡಾಕ್ಟರು ಕುರಿ ಕಾಯುವವನೊಬ್ಬನ ಕಾಲಿನ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದರು. ಬೆಂಚಿನ ಇನ್ನೊಂದು ತುದಿಯಲ್ಲಿ ನನ್ನ ಪರಮವೈರಿ ಕೂತಿದ್ದರು. ಅವರ ಮೊಬೈಲೂ ಅದೇ ಹೊತ್ತಿಗೆ ಸದ್ದು ಮಾಡಿತು. ಇಬ್ಬರೂ ಓದಿ ಮುಗಿಸಿ ಮುಖ ಮುಖ ನೋಡಿಕೊಂಡೆವು. ನಮ್ಮನ್ನು ಕೊಂಡಿದ್ದು ಅವರ ಕಂಪನಿಯೇ.

ಇನ್ನು ಮೇಲೆ ಒಂದೇ ಮನೆಯವರಾದೆವಲ್ಲ ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಗೆದ್ದವರಿಗೆ ನಗುವುದಕ್ಕೇನು ಕಷ್ಟ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಸುಳ್ಳಲ್ಲ.

ನಾನು ಮೆಡಿಕಲ್ ರೆಪ್ರೆಸೆಂಟೇಟಿವ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರಿನ ಡಾಕ್ಟರುಗಳ ಬಾಗಿಲು ಕಾದು, ನಮ್ಮ ಕಂಪನಿಯ ಮಾತ್ರೆ, ಟಾನಿಕ್ಕುಗಳ ಗುಣ ವಿವರಿಸಿ, ರೋಗಿಗಳಿಗೆ ಬರೆದುಕೊಡಿ ಎಂದು ಕೇಳಿಕೊಳ್ಳುವುದು ನನ್ನ ಕೆಲಸ. ಈ ಊರುಗಳಲ್ಲಿ ಈ ಕೆಲಸಕ್ಕೆ ಹೆಂಗಸರು ಬರುವುದು ಅಪರೂಪ. ಶುರುವಿನಲ್ಲಿ ರೋಗಿಗಳು ನನ್ನನ್ನು ನರ್ಸ್ ಎಂದುಕೊಂಡು ನಾಲಿಗೆ ಚಾಚಿ ತೋರಿಸುತ್ತಿದ್ದರು. ಇಡೀ ದಿನ ತಿರುಗುವ ಹೆಂಗಸಿಗೆ ಏನೇನು ತೊಂದರೆ ಇರುತ್ತದೋ ಅದೆಲ್ಲ ನನಗೂ ಇತ್ತು. ಹೊನ್ನಾಳಿಯಲ್ಲಿ ಒಬ್ಬ ಕಾಂಪೌಂಡರ್ ತಮ್ಮ ಮನೆಯ ಬಚ್ಚಲನ್ನು ಬಳಸಲು ಹೇಳಿ, ಹೆಂಡತಿಗೆ ನನ್ನ ಪರಿಚಯ ಮಾಡಿಸಿದ್ದರು. ಆಕೆ ನನ್ನನ್ನು ಒಂದು ದಿನವೂ ಬರೀ ಹೊಟ್ಟೆಯಲ್ಲಿ ಕಳಿಸಲಿಲ್ಲ. ಇಂಥವರ ಋಣ ಎಷ್ಟು ಎಂದು ಹೇಳುತ್ತಾ ಕೂತರೆ ಬೇರೆ ಕಥೆಯೇ ಆಗುತ್ತದೆ.

ನನ್ನ ವೈರಿಯೂ ಇದೇ ನಾಲ್ಕು ಊರುಗಳಿಗೆ ಬರುತ್ತಿದ್ದರು. ಚನ್ನಗಿರಿ ತಾಲ್ಲೂಕಿನ ನಲ್ಲೂರಿನವರು, ನನಗಿಂತ ಐದಾರು ವರ್ಷ ದೊಡ್ಡವರು, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿದ್ದುದೇ ಅದಕ್ಕೆ.

ನಮ್ಮಿಬ್ಬರ ಜಗಳವೆಲ್ಲ ಎದೆಯುರಿಯ ಮಾತ್ರೆಯದು. ನಮ್ಮ ಕಡೆ ಜನ ಖಾರ ತಿನ್ನುವುದರಲ್ಲಿ ಹಿಂದೆ ಬಿದ್ದವರಲ್ಲ, ಹಾಗಾಗಿ ಎದೆಯುರಿ ಮಾತ್ರೆ ಚೆನ್ನಾಗಿ ಓಡುತ್ತದೆ. ನಮ್ಮ ಮಾತ್ರೆ ನುಂಗಿದರೆ ಬೇಗ ಆರಾಮ ಸಿಗುತ್ತಿತ್ತು. ಅವರದು ನಿಧಾನ. ನಾನು ಇದನ್ನೇ ಹಿಡಿದುಕೊಂಡೆ. ಡಾಕ್ಟರು ಅವರ ಮಾತ್ರೆಯ ಹೆಸರೆತ್ತಿದರೆ ಸಾಕು, "ಅದನ್ನ ಬೆಳಗ್ಗೆ ನುಂಗಿದ್ರೆ ಸಂಜಿಗೆ ಕರಗ್ತೈತೆ ಸರ್, ಅಷ್ಟೊತ್ತಿಗೆ ರೋಗಿ ಎಮ್ಮೆ ಮೇಯಿಸ್ಕೊಂಡು ಮನಿಗೆ ಬಂದಿರ್ತಾನೆ" ಎನ್ನುತ್ತಿದ್ದೆ. ಡಾಕ್ಟರುಗಳು ನಗುತ್ತಿದ್ದರು. ನಕ್ಕವರು ಒಂದಿಷ್ಟು ಚೀಟಿಯಲ್ಲಿ ನಮ್ಮದನ್ನು ಬರೆಯುತ್ತಿದ್ದರು. ಈ ಮಾತು ನಾಲ್ಕೂ ಊರುಗಳಲ್ಲಿ ಎಷ್ಟು ಹಬ್ಬಿತ್ತೆಂದರೆ ನಾನು ಹೇಳುವ ಮೊದಲೇ ಕೆಲವರು ಎಮ್ಮೆ ಬಂತೇನಮ್ಮ ಎಂದು ಕೇಳುತ್ತಿದ್ದರು. ನಾನು ಹೊರಗೆ ಬಂದ ಮೇಲೆ ನನ್ನ ವೈರಿ ಒಳಗೆ ಹೋಗಿ ಮೆತ್ತಗಿನ ದನಿಯಲ್ಲಿ ಅದನ್ನು ಸರಿಪಡಿಸುತ್ತಿದ್ದರು. ಹೆಚ್ಚುಕಡಿಮೆ ಹನ್ನೆರಡು ವರ್ಷ ಹೀಗೇ ನಡೆಯಿತು.

ಎರಡು ಕಂಪನಿ ಒಂದಾದ ಮೇಲೆ ದಾವಣಗೆರೆಯ ಒಂದು ಹೋಟೆಲಿನ ಹಾಲ್‌ನಲ್ಲಿ ನಮಗೆ ತರಬೇತಿ ಶುರುವಾಯಿತು. ಮೊದಲ ದಿನ ನಾವು ಒಂದು ಕಡೆ, ಅವರು ಒಂದು ಕಡೆ, ಮದುವೆ ಮನೆಯಲ್ಲಿ ಹೆಣ್ಣಿನವರು ಗಂಡಿನವರು ಕೂತ ಹಾಗೆ ಕೂತಿದ್ದೆವು. ಊಟಕ್ಕೂ ಬೇರೆ ಬೇರೆ ಮೇಜು. ತರಬೇತಿ ಕೊಡಲು ಬಂದವನು ಮೈಸೂರು ಕಡೆಯ ಹುಡುಗ. ನನ್ನ ಅಕ್ಕನ ಮಗನ ವಯಸ್ಸಿರಬಹುದು, ಆದರೂ ಸರ್ ಎನ್ನಬೇಕಿತ್ತು, ಅಂದೆ. ಒಳ್ಳೆಯ ಹುಡುಗ ಎಂದು ಆಮೇಲೆ ಗೊತ್ತಾಯಿತು. ಮೊದಲ ದಿನ ಮಾತ್ರ ಅವನು ಬಾಯಿ ತೆರೆದಾಗಲೆಲ್ಲ ನನ್ನ ತಲೆಯ ಮೇಲೆ ಕಲ್ಲು ಬೀಳುತ್ತಿತ್ತು.

ಒಂದನೇ ಕಲ್ಲು, ಎದೆಯುರಿಗೆ ಇನ್ನು ಒಂದೇ ಮಾತ್ರೆ, ಅದು ಅವರದು. ನಮ್ಮದನ್ನು ನಿಲ್ಲಿಸುತ್ತಾರೆ. ಎರಡನೆಯದು ಇನ್ನೂ ದೊಡ್ಡದು. ಒಂದೇ ಊರುಗಳಲ್ಲಿ ಇಬ್ಬರಿಬ್ಬರು ಕೆಲಸ ಮಾಡುವ ಹಾಗಿಲ್ಲ. ತರಬೇತಿ ಮುಗಿದ ಮೇಲೆ ಲಿಖಿತ ಪರೀಕ್ಷೆ ಇರುತ್ತದೆ, ಡಾಕ್ಟರ ಮುಂದೆ ಹೇಗೆ ಮಾತಾಡುತ್ತೇವೆ ಎಂದು ನೋಡಲು ತರಬೇತುದಾರರು ಜೊತೆಗೆ ಬರುತ್ತಾರೆ. ಎರಡರಲ್ಲೂ ಸೇರಿ ಯಾರು ಮುಂದೆ ಬರುತ್ತಾರೋ ಅವರಿಗೆ ಊರು. ಇನ್ನೊಬ್ಬರಿಗೆ ಕೆಲಸ ಹೋಗುವುದಿಲ್ಲ, ಆದರೆ ಸಿಂಧನೂರು ಕಡೆಗೆ ವರ್ಗ.

ಚನ್ನಗಿರಿಯಲ್ಲಿ ನಮ್ಮ ಮನೆಯವರದು ಹಿಟ್ಟಿನ ಗಿರಣಿ. ಗಿರಣಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಸಿಂಧನೂರಿಗೆ ಹೋಗಲು ಆಗುವುದಿಲ್ಲ. ಬೇಡವಾದರೆ ಬಿಟ್ಟುಬಿಡು, ಗಿರಣಿಯಲ್ಲಿ ಕೂರು ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಅವರಿಗೆ ಅರ್ಥವಾಗಲಿಲ್ಲ. ನನಗೆ ಈ ಕೆಲಸ ಇಷ್ಟ. ಸ್ಕೂಟಿಯ ಮೇಲೆ ಬೆಳಗ್ಗೆ ಹೊರಟು, ನಾಲ್ಕು ಜನ ಹೆಸರು ಹಿಡಿದು ಮಾತಾಡಿಸುವ ಕಡೆ ಹೋಗಿ ಬರುವುದು ಇಷ್ಟ. ನಲವತ್ತು ದಾಟಿದ ಹೆಂಗಸನ್ನು ಬೇರೆ ಯಾವ ಕಂಪನಿಯೂ ಹೊಸದಾಗಿ ತೆಗೆದುಕೊಳ್ಳುವುದಿಲ್ಲ ಎಂದೂ ಗೊತ್ತಿತ್ತು. ಸಿಂಧನೂರು ಬಂದರೆ ನನ್ನ ಕೆಲಸ ಹೋದ ಹಾಗೆಯೇ.

ನನ್ನ ವೈರಿಗೂ ನಲ್ಲೂರಿನಲ್ಲಿ ಮನೆ ಇತ್ತು, ಹೈಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದರು. ಅದನ್ನು ಆಗ ನಾನು ಯೋಚಿಸಲೂ ಇಲ್ಲ.

ಮೂರನೇ ಕಲ್ಲನ್ನು ಹುಡುಗ ಊಟದ ನಂತರ ಎಸೆದ. ಒಂದೊಂದು ಕಡೆಯಿಂದ ಒಬ್ಬೊಬ್ಬರಂತೆ ಜೋಡಿ ಮಾಡುತ್ತೇವೆ, ನಿಮ್ಮ ನಿಮ್ಮ ಔಷಧಗಳ ಬಗ್ಗೆ ಒಬ್ಬರಿಗೊಬ್ಬರು ನೀವೇ ಪಾಠ ಮಾಡಬೇಕು, ಕೆಲವು ವಾರ ಜೊತೆಯಾಗಿಯೇ ಡಾಕ್ಟರುಗಳನ್ನು ನೋಡಬೇಕು ಎಂದ. ನನಗೆ ಯಾರು ಜೋಡಿ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಮೊದಲು ನಾನು ಅವರ ಪಾಠ ಕೇಳುತ್ತಿದ್ದುದು ಕೊಂಕು ಹುಡುಕಲು. ಇಷ್ಟೊಂದು ನಿಧಾನ ಯಾಕೆ, ಇದರಲ್ಲಿ ಮಾತ್ರೆ ಇದೆಯೋ ಸುಣ್ಣ ಇದೆಯೋ ಎಂದು ಚುಚ್ಚುತ್ತಿದ್ದೆ. ಅವರು ಬೇಸರ ಮಾಡಿಕೊಳ್ಳದೆ ಮೊದಲಿನಿಂದ ಹೇಳುತ್ತಿದ್ದರು. ಈ ಮನುಷ್ಯ ಯಾಕೆ ಇಷ್ಟು ಮುತುವರ್ಜಿಯಿಂದ ಕಲಿಸುತ್ತಿದ್ದಾರೆ, ಅರೆಬರೆ ಹೇಳಿಕೊಟ್ಟರೆ ಅವರಿಗೇ ಲಾಭವಲ್ಲವೇ ಎಂದು ಒಳಗೊಳಗೆ ಅನುಮಾನವೂ ಬರುತ್ತಿತ್ತು.

ಒಂದು ದಿನ ನ್ಯಾಮತಿಯ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಅವರು ಎರಡು ಗ್ಲಾಸು ಕೇಳಿದರು. ಒಂದಕ್ಕೆ ನಿಂಬೆಹಣ್ಣು ಹಿಂಡಿಸಿದರು, ಇನ್ನೊಂದಕ್ಕೆ ನೀರಿನಲ್ಲಿ ಅಡುಗೆ ಸೋಡಾ ಕಲಸಿಸಿದರು. ಎರಡಕ್ಕೂ ಒಂದೊಂದು ಮಾತ್ರೆ ಹಾಕಿ, ಮಂಡಕ್ಕಿ ಮಿರ್ಚಿ ಹೇಳಿ, ಈಗ ತಿನ್ನೋಣ ಎಂದರು. ಹೋಟೆಲಿನವನು ನಮ್ಮನ್ನು ಮಾಟದವರೆಂದು ತಿಳಿದನೋ ಏನೋ, ಗಲ್ಲಾ ಬಿಟ್ಟು ಬಂದು ನಿಂತ. ಮಿರ್ಚಿ ಮುಗಿದು ಟೀ ಮುಗಿಯುವ ಹೊತ್ತಿಗೆ ಸೋಡಾದ ಗ್ಲಾಸಿನಲ್ಲಿ ಮಾತ್ರೆ ಮೈ ಬಿಟ್ಟುಕೊಂಡು ಕದಡಿತ್ತು. ನಿಂಬೆರಸದಲ್ಲಿದ್ದದ್ದು ಹಾಕಿದ ಹಾಗೇ ಗುಂಡಗೆ ಕೂತಿತ್ತು.

ಅವರು ವಿವರಿಸಿದರು. ಹೊಟ್ಟೆಯಲ್ಲಿರುವುದು ನಿಂಬೆರಸದಂಥ ಹುಳಿ. ಈ ಔಷಧಕ್ಕೆ ಹುಳಿ ತಾಗಿದರೆ ಕೆಟ್ಟುಹೋಗುತ್ತದೆ. ಅದಕ್ಕೇ ಮೇಲೊಂದು ಕವಚ. ಹೊಟ್ಟೆ ದಾಟಿ ಕರುಳಿಗೆ ಹೋದ ಮೇಲೆ ಕವಚ ಬಿಚ್ಚಿಕೊಳ್ಳುತ್ತದೆ, ಔಷಧ ರಕ್ತಕ್ಕೆ ಸೇರುತ್ತದೆ, ಹುಳಿ ಹುಟ್ಟುವ ಜಾಗದಲ್ಲೇ ಹುಟ್ಟದ ಹಾಗೆ ತಡೆಯುತ್ತದೆ. ಬರುವುದು ತಡ, ಆದರೆ ಬಂದ ಮೇಲೆ ದಿನವಿಡೀ ಇರುತ್ತದೆ. ಹೊಟ್ಟೆಯಲ್ಲಿ ಕರಗುವುದಿಲ್ಲ ಎಂದು ನಾನು ಯಾವುದನ್ನು ಆಡಿಕೊಂಡು ನಗಿಸುತ್ತಿದ್ದೆನೋ, ಆ ಮಾತ್ರೆಯ ಜಾಣತನವೇ ಅದರಲ್ಲಿತ್ತು.

ನಾನು ಗ್ಲಾಸನ್ನು ಹತ್ತಿರ ಎಳೆದುಕೊಂಡು ನೋಡಿದೆ. ಆಮೇಲೆ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಜನಕ್ಕೆ ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗುವುದೆಂದರೆ ಹೆದರಿಕೆ, ಉಷ್ಣ ಆಗುತ್ತದೆ ಎನ್ನುತ್ತಾರೆ. ಯಾವ ಮಾತ್ರೆಯಾದರೂ ರೊಟ್ಟಿ ತಿಂದ ಮೇಲೆಯೇ. ಈ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಜಗಳೂರಿನ ಕುರಿ ಕಾಯುವವರು ಉಂಡು, ನೀರು ಕುಡಿದು, ಆಮೇಲೆ ನುಂಗಿದರೆ ಅದು ಇನ್ನೂ ತಡವಾಗದೆ ಏನಾಗುತ್ತದೆ? ಇದನ್ನು ಹೇಳಿದಾಗ ಅವರ ಮುಖ ಅರಳಿತು. ಇಷ್ಟು ವರ್ಷದಲ್ಲಿ ತಮಗೆ ಇದು ಹೊಳೆದೇ ಇರಲಿಲ್ಲ, ಇನ್ನು ಪ್ರತಿ ಡಾಕ್ಟರಿಗೂ ಹೇಳೋಣ ಎಂದರು. ಆ ದಿನದಿಂದ ನಾನು ಅವರನ್ನು ಮನಸ್ಸಿನಲ್ಲೂ ಬೈಯುವುದನ್ನು ಬಿಟ್ಟೆ. ನಮ್ಮ ಕಂಪನಿಯ ರಕ್ತಹೀನತೆಯ ಟಾನಿಕ್ಕಿನ ಬಗ್ಗೆ ನಾನೂ ಮನಸ್ಸಿಟ್ಟು ಕಲಿಸಿದೆ. ಬಾಣಂತಿಯರ ಹತ್ತಿರ, ಹೆರಿಗೆ ಡಾಕ್ಟರಮ್ಮಂದಿರ ಹತ್ತಿರ ಹೇಗೆ ಮಾತಾಡಬೇಕು ಎಂದು ಹೇಳಿಕೊಟ್ಟರೆ ಈ ಮನುಷ್ಯ ನಾಚಿಕೊಂಡು ಕೆಂಪಗಾಗುತ್ತಿದ್ದರು. ಅದಕ್ಕೂ ಬೈದೆ, ಆದರೆ ಅದು ಬೇರೆ ತರದ ಬೈಗುಳ.

ಡಾಕ್ಟರ ಮುಂದಿನ ನನ್ನ ಪರೀಕ್ಷೆ ಹೊನ್ನಾಳಿಗೆ ಬಿತ್ತು. ಅಲ್ಲಿನ ಹಿರಿಯ ಡಾಕ್ಟರು ನನಗೆ ತಂದೆಯ ವಯಸ್ಸಿನವರು, ತಮಾಷೆಯ ಮನುಷ್ಯ. ತರಬೇತಿಯ ಹುಡುಗ ಮೂಲೆಯ ಕುರ್ಚಿಯಲ್ಲಿ ಕೂತ. ಜೋಡಿ ಎಂದು ನಲ್ಲೂರಿನವರು ನನ್ನ ಪಕ್ಕದಲ್ಲಿ ಕೂತರು. ನಾನು ಅಭ್ಯಾಸ ಮಾಡಿದ್ದನ್ನೆಲ್ಲ ತಡವರಿಸದೆ ಹೇಳಿದೆ. ಟಾನಿಕ್ಕು ಆಯಿತು, ಮಕ್ಕಳ ಕೆಮ್ಮಿನ ಸಿರಪ್ ಆಯಿತು. ಎಲ್ಲ ಸಲೀಸಾಗಿ ಹೋಗುತ್ತಿತ್ತು. ಅಷ್ಟರಲ್ಲಿ ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತಾ, ಆ ಎದೆಯುರಿ ಮಾತ್ರೆಯ ಹೆಸರು ಹಿಡಿದು, ಅದು ಹೇಗಮ್ಮ ಈಗ ಎಂದು ಕೇಳಿದರು.

ನಾನು ಯೋಚಿಸಿದ್ದರೆ ಸರಿಯಾದ ಉತ್ತರ ಬರುತ್ತಿತ್ತು. ಯೋಚಿಸಲಿಲ್ಲ. ಆ ಹೆಸರು ಕಿವಿಗೆ ಬಿದ್ದ ಕೂಡಲೇ ನಾಲಿಗೆ ತನ್ನಷ್ಟಕ್ಕೆ ಹೊರಟಿತು. ಬೆಳಗ್ಗೆ ನುಂಗಿದರೆ ಸಂಜೆಗೆ ಕರಗುತ್ತದೆ, ಅಷ್ಟೊತ್ತಿಗೆ ಎಮ್ಮೆ, ಮನೆ, ಎಲ್ಲವನ್ನೂ ಹೇಳಿ ಮುಗಿಸಿದೆ. ಮುಗಿಸಿದ ಮೇಲೆ ನಾನು ಏನು ಹೇಳಿದೆ ಎಂದು ನನಗೇ ಕೇಳಿಸಿತು. ನನ್ನದೇ ಕಂಪನಿಯ ಮಾತ್ರೆಯನ್ನು, ನನ್ನ ಪರೀಕ್ಷೆಯಲ್ಲಿ, ಪರೀಕ್ಷೆ ಮಾಡುವವನ ಎದುರಿಗೆ, ಬಾಯಿ ತುಂಬ ಬೈದಿದ್ದೆ.

ಡಾಕ್ಟರು ನಗಲು ಹೋದವರು ಮೂಲೆಯಲ್ಲಿದ್ದ ಹುಡುಗನ ಮುಖ ನೋಡಿ ಮತ್ತೆ ಕನ್ನಡಕ ಒರೆಸತೊಡಗಿದರು. ಹುಡುಗ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದ. ಸಿಂಧನೂರು ಕಣ್ಣ ಮುಂದೆ ಬಂದು ನಿಂತಿತು. ಆ ಮಾತ್ರೆಯ ಕಾಗದ ತೋರಿಸಲು ಹೋಗಿ ಬ್ಯಾಗಿನಿಂದ ಕೆಮ್ಮಿನ ಸಿರಪ್ಪಿನದನ್ನು ಎಳೆದೆ.

ಆಗ ಪಕ್ಕದಿಂದ ಅದೇ ಮೆತ್ತಗಿನ ದನಿ ಬಂತು.

"ಹೌದು ಸರ್, ಇದು ನಿಧಾನನೇ. ಎಲ್ಲರೂ ಇದನ್ನೇ ಕೇಳ್ತಾರೆ ಅಂತ ನಾವು ಇಲ್ಲಿಂದಾನೇ ಶುರು ಮಾಡ್ತೀವಿ. ಯಾಕೆ ನಿಧಾನ ಅಂತ ಈಗ ಮೇಡಂ ಹೇಳ್ತಾರೆ, ಕೇಳ್ರಿ."

ಅಷ್ಟು ಹೇಳಿ ನನ್ನ ಕಡೆ ತಿರುಗಿ ಕೂತರು, ತಾವೂ ಮೊದಲ ಸಲ ಕೇಳುವವರ ಹಾಗೆ. ನಾನು ಆ ಕಾಗದವನ್ನು ಪಕ್ಕಕ್ಕಿಟ್ಟೆ. ನಿಂಬೆರಸದ ಗ್ಲಾಸಿನಿಂದ ಶುರು ಮಾಡಿ ಕವಚ, ಕರುಳು, ದಿನವಿಡೀ ಇರುವ ಆರಾಮ, ರೊಟ್ಟಿ ತಿಂದ ಮೇಲೆ ನುಂಗುವ ನಮ್ಮ ಜನರ ಅಭ್ಯಾಸ, ತಿಂಡಿಗೆ ಮೊದಲು ನುಂಗಿ ಎಂದು ನೀವೇ ಒತ್ತಿ ಹೇಳಬೇಕು ಸರ್ ಎನ್ನುವ ತನಕ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರು ಕನ್ನಡಕ ಹಾಕಿಕೊಂಡು, ರೊಟ್ಟಿ ತಿಂದ ಮೇಲೆ ನುಂಗುವವರಲ್ಲಿ ತಾವೂ ಒಬ್ಬರು ಎಂದು ಒಪ್ಪಿಕೊಂಡರು. ಆಮೇಲೆ ಹಲವು ಪ್ರಶ್ನೆ ಕೇಳಿದರು. ಎಲ್ಲಕ್ಕೂ ನಾನೇ ಉತ್ತರ ಕೊಟ್ಟೆ. ಪಕ್ಕದಲ್ಲಿದ್ದವರು ನಡುವೆ ಬಾಯಿ ಹಾಕಲಿಲ್ಲ.

ಹೊರಗೆ ಟೀ ಕುಡಿಯುವಾಗ ಹುಡುಗ ನನ್ನನ್ನು ಪಕ್ಕಕ್ಕೆ ಕರೆದು, ಅದು ಬಾಯಿ ತಪ್ಪಿ ಬಂದ ಮಾತೇ ಅಲ್ಲವೇ ಎಂದು ಕೇಳಿದ. ಹೌದು ಎಂದೆ. ಅವನು, ತಾನು ಅಂಕ ಕೊಡುವುದು ಡಾಕ್ಟರಿಗೆ ಕೊನೆಗೆ ಏನು ಅರ್ಥವಾಯಿತು ಎಂಬುದಕ್ಕೆ, ಅವರಿಗೆ ಚೆನ್ನಾಗಿಯೇ ಅರ್ಥವಾಯಿತು ಎಂದ. ಅವನಿಗೂ ನಾನು ಋಣಿ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮುಗಿಸಿಬಿಡುತ್ತಿದ್ದರು.

ಲಿಖಿತ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಶ್ನೆಗಳು ಅವರ ಕಂಪನಿಯ ಔಷಧಗಳ ಬಗ್ಗೆಯೇ ಇದ್ದವು. ಅವರಿಗೆ ಅದೆಲ್ಲ ವರ್ಷಗಳಿಂದ ಬಾಯಿಪಾಠ. ನನಗೆ ಈಗಷ್ಟೇ ಕಲಿತದ್ದು, ಹಸಿಹಸಿಯಾಗಿ ನೆನಪಿತ್ತು. ಫಲಿತಾಂಶ ಬಂದಾಗ ನಾನು ಕೂದಲೆಳೆಯಷ್ಟು ಮುಂದಿದ್ದೆ. ನಾಲ್ಕೂ ಊರು ನನಗೆ ಬಂದವು. ಅವರಿಗೆ ಸಿಂಧನೂರು.

ಸುದ್ದಿ ತಿಳಿದು ನಮ್ಮ ಮನೆಯವರು ಗಿರಣಿಗೆ ಬಂದವರಿಗೆಲ್ಲ ಪೇಡಾ ಹಂಚಿದರು. ನನಗೆ ಒಂದು ಚೂರೂ ಇಳಿಯಲಿಲ್ಲ. ನಲ್ಲೂರಿನವರು ಕಲಿಸಿದ್ದರಿಂದಲೇ ಅವರನ್ನು ಸೋಲಿಸಿದ್ದೆ. ಫೋನ್ ಮಾಡಿ ಏನು ಹೇಳುವುದು ಎಂದು ತಿಳಿಯದೆ ಕೂತಿದ್ದಾಗ ಅವರೇ ಮಾಡಿದರು. ಊರು ಬಿಡುವ ಮೊದಲು ನ್ಯಾಮತಿಯ ಅಂಗಡಿಗಳಿಗೆ ನನ್ನನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಕೊಡಬೇಕಂತೆ.

ಹೋದೆವು. ನ್ಯಾಮತಿ ತಾಲ್ಲೂಕು ಆದ ಮೇಲೆ ಹೊಸ ಮೆಡಿಕಲ್ ಶಾಪುಗಳು ಎದ್ದಿದ್ದವು. ಬಹಳಷ್ಟರಲ್ಲಿ ಅವರದೇ ಕಾರುಬಾರು. ಒಂದು ಅಂಗಡಿಯ ಯಜಮಾನರಂತೂ ಇಷ್ಟು ವರ್ಷ ನನ್ನನ್ನು ನಾಳೆ ಬರ್ರಿ ಎಂದೇ ಸಾಗಹಾಕಿದ್ದವರು. ಅವರ ಮುಂದೆ ನನ್ನನ್ನು ನಿಲ್ಲಿಸಿ, "ಇನ್ಮೇಲೆ ನಮ್ಮ ಮೇಡಮ್ಮೇ ಬರ್ತಾರೆ. ನನಗೆ ಹೆಂಗೆ ಕುರ್ಚಿ ಹಾಕ್ತಿದ್ರೋ ಇವರಿಗೂ ಹಂಗೇ ಹಾಕ್ಬೇಕ್ರಿ" ಎಂದರು. ಯಜಮಾನರು ಕುರ್ಚಿ ಎಳೆದು, ಅದರ ಮೇಲಿನ ಧೂಳನ್ನು ತಮ್ಮ ಟವೆಲಿನಿಂದಲೇ ಒರೆಸಿದರು. ನಾನು ಕೂತೆ. ಕಣ್ಣು ತುಂಬಿ ಬಂದದ್ದು ಕಾಣದಿರಲಿ ಎಂದು ಬ್ಯಾಗಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ.

"ಅವತ್ತು ಹೊನ್ನಾಳಿಯಾಗೆ ನೀವು ಸುಮ್ನೆ ಕುಂತಿದ್ರೆ ಈ ಊರೆಲ್ಲ ನಿಮ್ಮವೇ ಆಗಿರ್ತಿದ್ವಲ್ರಿ ಸರ್. ಯಾಕೆ ಮಾತಾಡಿದ್ರಿ?"

ಅವರು ಬಸ್ಸು ಬರುವ ದಾರಿಯನ್ನೇ ನೋಡುತ್ತಿದ್ದರು.

"ಮಾತ್ರೆ ಬಗ್ಗೆ ಯಾರಾದ್ರೂ ಹಂಗೆ ಅಂದ್ರೆ ಸುಮ್ನಿರಾಕೆ ಆಗಲ್ಲ ಮೇಡಂ. ಹನ್ನೆರಡು ವರ್ಷ ನಿಮ್ಮ ಹಿಂದೇನೇ ಹೋಗಿ ಅದನ್ನ ಸರಿ ಮಾಡಿಲ್ವಾ? ಅಭ್ಯಾಸ ಆಗ್ಬಿಟ್ಟೈತೆ. ಮತ್ತೇನಿಲ್ಲ."

ಇಬ್ಬರೂ ನಕ್ಕೆವು. ನಾನು ಅಭ್ಯಾಸದಿಂದ ಬೈದೆ, ಅವರು ಅಭ್ಯಾಸದಿಂದ ಸರಿಪಡಿಸಿದರು, ಲೆಕ್ಕ ಚುಕ್ತಾ ಎನ್ನುವ ಹಾಗೆ. ಅವರ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತು ಕೈ ಬೀಸಿದರು.

ಬಸ್ಸು ಕಣ್ಮರೆಯಾದ ಮೇಲೆ ನಾನು ಸ್ಕೂಟಿಗೆ ಕೀಲಿ ಹಾಕಿದವಳು ತಿರುಗಿಸದೆ ಹಾಗೇ ನಿಂತೆ. ಅವರ ಮಾತು ತಾಳೆಯಾಗುತ್ತಿರಲಿಲ್ಲ. ಮಾತ್ರೆಯ ಮಾನ ಕಾಯುವುದಷ್ಟೇ ಅವರಿಗೆ ಬೇಕಿದ್ದರೆ ಉತ್ತರವನ್ನು ಅವರೇ ಹೇಳಬಹುದಿತ್ತು. ಅವರಷ್ಟು ಚೆನ್ನಾಗಿ ಅದನ್ನು ಬಲ್ಲವರು ಯಾರಿದ್ದರು? ಅವರೇ ಹೇಳಿದ್ದರೆ ಮಾತ್ರೆ ಉಳಿಯುತ್ತಿತ್ತು, ನಾನು ಮುಳುಗುತ್ತಿದ್ದೆ, ಊರು ಅವರದಾಗುತ್ತಿತ್ತು, ಯಾರೂ ಅವರನ್ನು ತಪ್ಪು ಎನ್ನುತ್ತಿರಲಿಲ್ಲ. ಈಗ ಮೇಡಂ ಹೇಳ್ತಾರೆ ಎನ್ನುವ ಅಗತ್ಯವೇ ಇರಲಿಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. ಇದನ್ನೆಲ್ಲ ಹೇಳಿದೆ. ನೀವು ನನಗೆ ಸುಳ್ಳು ಹೇಳಿದ್ರಿ ಸರ್, ನೀವು ಉಳಿಸಿದ್ದು ಮಾತ್ರೆಯನ್ನಲ್ಲ, ನನ್ನನ್ನು, ಈ ಉಪಕಾರವನ್ನು ನಾನು ಬದುಕಿರುವವರೆಗೂ ಮರೆಯುವುದಿಲ್ಲ ಎಂದೆ. ದನಿ ಗಟ್ಟಿಯಾಗಿಯೇ ಇತ್ತು, ಬಸ್ ಸ್ಟ್ಯಾಂಡಿನಲ್ಲಿದ್ದವರು ತಿರುಗಿ ನೋಡಿದರು.

"ಬಸ್ಸಿನ ಸದ್ದು ಜಾಸ್ತಿ ಐತೆ ಮೇಡಂ," ಎಂದರು. "ಏನೂ ಕೇಳಿಸ್ಲಿಲ್ಲ."

ಫೋನ್ ಇಟ್ಟರು. ಬಸ್ಸಿನ ಸದ್ದು ನನಗೇನೂ ಕೇಳಿಸಿರಲಿಲ್ಲ, ಅವರ ದನಿ ಮಾತ್ರ ಒದ್ದೆಯಾಗಿತ್ತು.